ಡೇರೆ, ಮುಂಗಡ, ಮೇಳ ಬದಲು: ಶರಾವತಿ ಸೀಮೆಯ ಯಕ್ಷಗಾನದ ಆರ್ಥಿಕ ಚರಿತ್ರೆ

ಸಾಗರ, ಹೊಸನಗರ ಮತ್ತು ತೀರ್ಥಹಳ್ಳಿ ತಾಲ್ಲೂಕುಗಳ ಯಕ್ಷಗಾನದ ಚರಿತ್ರೆಯನ್ನು ಪ್ರಸಂಗ, ರಾಗ, ವೇಷಗಾರಿಕೆಗಳ ನೆಲೆಯಿಂದ ನೋಡಿದವರು ಅನೇಕರಿದ್ದಾರೆ. ಆದರೆ ಯಾವ ಮೇಳ ಯಾವ ಕಲಾವಿದನನ್ನು ಎಷ್ಟು ಮುಂಗಡ ಕೊಟ್ಟು ತನ್ನದಾಗಿಸಿಕೊಂಡಿತು, ಆ ಹಣ ಎಲ್ಲಿಂದ ಬಂತು, ಅದರಿಂದ ಗೆದ್ದವರು ಯಾರು ಎಂಬ ಪ್ರಶ್ನೆಗಳಿಗೆ ಸಿಕ್ಕ ಗಮನ ಕಡಿಮೆ. ಮೇಳ ಎಂದರೆ ಭಾಗವತ, ಮದ್ದಳೆ ಮತ್ತು ಚೆಂಡೆಯವರನ್ನು ಒಳಗೊಂಡ ಹಿಮ್ಮೇಳ, ವೇಷಧಾರಿಗಳ ಮುಮ್ಮೇಳ, ಚೌಕಿ ಎಂದು ಕರೆಯುವ ಬಣ್ಣದ ಮನೆಯ ಸಹಾಯಕರು ಮತ್ತು ಇವರೆಲ್ಲರ ಖರ್ಚುವೆಚ್ಚ ಹೊತ್ತ ಯಜಮಾನ ಸೇರಿದ ಸಂಚಾರಿ ತಂಡ. ದೀಪಾವಳಿಯ ಆಸುಪಾಸಿನಲ್ಲಿ ಗೆಜ್ಜೆ ಕಟ್ಟಿ ಹೊರಟ ತಂಡ ಮೇ ತಿಂಗಳ ಕೊನೆಯ ಹೊತ್ತಿಗೆ ಗೆಜ್ಜೆ ಬಿಚ್ಚುವವರೆಗಿನ ಸುಮಾರು ಆರು ತಿಂಗಳ ಅವಧಿಗೆ ತಿರುಗಾಟವೆಂದು ಹೆಸರು. ಭಾರೀ ಮಳೆಯ ಹುಲಿಕಲ್ಲು, ಆಗುಂಬೆಗಳಂಥ ಊರುಗಳಿರುವ ಈ ಸೀಮೆಯಲ್ಲಿ ಉಳಿದ ತಿಂಗಳುಗಳಲ್ಲಿ ಬಯಲಿನಲ್ಲಿ ರಂಗಸ್ಥಳ ಹಾಕುವ ಮಾತೇ ಇರಲಿಲ್ಲ. ಕಲಾವಿದನ ವರ್ಷ ಹೀಗೆ ದುಡಿಯುವ ಅರ್ಧ ಮತ್ತು ಸಾಲ ಮಾಡುವ ಅರ್ಧವಾಗಿ ಒಡೆದುಹೋದದ್ದೇ ಮುಂದಿನ ಎಲ್ಲ ಬೆಳವಣಿಗೆಗಳ ಮೂಲ.

ಘಟ್ಟದ ಮೇಲಿನ ಈ ಮೂರು ತಾಲ್ಲೂಕುಗಳು ಘಟ್ಟದ ಕೆಳಗಿನ ಕುಂದಾಪುರ, ಉಡುಪಿ, ಹೊನ್ನಾವರ ಸೀಮೆಗಳೊಂದಿಗೆ ಹೊಂದಿದ್ದ ನಂಟು ಹೊಸದಲ್ಲ. ಸಾಗರದ ಸಮೀಪದ ಕೆಳದಿ ಮತ್ತು ಇಕ್ಕೇರಿಗಳಿಂದಲೂ, ಅನಂತರ ಇಂದಿನ ಹೊಸನಗರ ತಾಲ್ಲೂಕಿನ ಬಿದನೂರಿನಿಂದಲೂ ಆಳಿದ ಕೆಳದಿ ಅರಸರು 1763ರಲ್ಲಿ ಹೈದರಲಿಯ ವಶವಾಗುವವರೆಗೆ ಮಲೆನಾಡು ಮತ್ತು ಕರಾವಳಿಯನ್ನು ಒಂದೇ ಆಡಳಿತದಡಿ ಹಿಡಿದಿದ್ದರು. ಅಕ್ಕಿ, ಮೆಣಸು, ಅಡಿಕೆ ಇಳಿದು ಉಪ್ಪು, ಒಣಮೀನು, ತೆಂಗಿನಕಾಯಿ ಏರುತ್ತಿದ್ದ ಘಟ್ಟದ ದಾರಿಗಳಲ್ಲೇ ದೇವರ ಹರಕೆಗಳೂ ಮೇಳಗಳೂ ಓಡಾಡಿದವು. ತೀರ್ಥಹಳ್ಳಿಗೆ ಆಗುಂಬೆ ಘಾಟಿ, ಹೊಸನಗರಕ್ಕೆ ಹುಲಿಕಲ್ಲು, ಸಾಗರಕ್ಕೆ ಗೇರುಸೊಪ್ಪೆ ಮತ್ತು ಕೊಲ್ಲೂರು ಕಡೆಯ ದಾರಿ ಎಂಬ ಹಂಚಿಕೆಯಿಂದ ತೀರ್ಥಹಳ್ಳಿ, ಹೊಸನಗರಗಳ ಪ್ರೇಕ್ಷಕರಿಗೆ ಕುಂದಾಪುರ ಕಡೆಯ ಬಡಗುತಿಟ್ಟು ಹೆಚ್ಚು ಪರಿಚಿತವಾಯಿತು. ಸಾಗರದವರು ಅದರೊಂದಿಗೆ ಹೊನ್ನಾವರ, ಕುಮಟಾ ಕಡೆಯ ಬಡಾಬಡಗು ಶೈಲಿಯನ್ನೂ ಸಮನಾಗಿ ಬಲ್ಲವರಾದರು. ತಿಟ್ಟು ಎಂದರೆ ಕುಣಿತ, ವೇಷ, ಹಾಡುಗಾರಿಕೆಗಳ ಪ್ರಾದೇಶಿಕ ಸಂಪ್ರದಾಯ.

ಹಳೆಯ ವ್ಯವಸ್ಥೆಯಲ್ಲಿ ಮೇಳ ದೇವಸ್ಥಾನದ್ದು, ಆಟ ಹರಕೆಯದ್ದು. ಘಟ್ಟದ ಕೆಳಗಿನ ಮಂದಾರ್ತಿಯ ದುರ್ಗಾಪರಮೇಶ್ವರಿಯ ಭಕ್ತರು ಘಟ್ಟದ ಮೇಲೆ ದೊಡ್ಡ ಸಂಖ್ಯೆಯಲ್ಲಿದ್ದು, ರೋಗ ವಾಸಿಯಾದರೆ, ಮಗು ಹುಟ್ಟಿದರೆ, ವ್ಯಾಜ್ಯ ಗೆದ್ದರೆ ಆಟ ಆಡಿಸುತ್ತೇವೆಂದು ಹೇಳಿಕೊಂಡವರು ಮೇಳವನ್ನು ಮನೆಯಂಗಳಕ್ಕೋ ಗದ್ದೆಬಯಲಿಗೋ ಕರೆಸುತ್ತಿದ್ದರು. ಆಟದ ವೆಚ್ಚ ಒಬ್ಬನದು, ನೋಟ ಊರಿನದು. ಈ ಬಯಲಾಟದಲ್ಲಿ ಪ್ರೇಕ್ಷಕನು ಹಣ ಕೊಡುವುದಿಲ್ಲವಾದ್ದರಿಂದ ಇಂಥ ವೇಷಧಾರಿ ಇದ್ದರೆ ಮಾತ್ರ ಬರುತ್ತೇನೆ ಎನ್ನುವ ಹಕ್ಕು ಅವನಿಗಿರಲಿಲ್ಲ, ಹರಕೆ ಹೊತ್ತವನಿಗೂ ಬೇಕಾದದ್ದು ದೇವರ ಗೆಜ್ಜೆಯೇ ಹೊರತು ನಟನ ಹೆಸರಲ್ಲ. ಆದ್ದರಿಂದ ಒಬ್ಬ ಕಲಾವಿದನು ಮೇಳ ಬಿಟ್ಟರೆ ಯಜಮಾನನ ಆದಾಯಕ್ಕೆ ದೊಡ್ಡ ಪೆಟ್ಟೇನೂ ಬೀಳುತ್ತಿರಲಿಲ್ಲ; ಸಂಬಳ ಅಲ್ಪವಾಗಿದ್ದರೂ ಒಂದೇ ಮೇಳದಲ್ಲಿ ಬಾಲಗೋಪಾಲ ವೇಷದಿಂದ ಆರಂಭಿಸಿ ಎರಡನೆಯ ವೇಷದವರೆಗೆ, ಅಂದರೆ ಪ್ರಧಾನ ಪುರುಷಪಾತ್ರದವರೆಗೆ, ಏರುವುದು ಸಾಮಾನ್ಯ ಕ್ರಮವಾಗಿತ್ತು. ಹಾರಾಡಿ, ಮಟಪಾಡಿ ಎಂದು ಊರಿನ ಹೆಸರಿನಲ್ಲೇ ಕುಣಿತದ ಪರಂಪರೆಗಳು ಗಟ್ಟಿಯಾಗಿ ನಿಂತದ್ದು ಈ ಸ್ಥಿರತೆಯಿಂದಲೇ. ಮಂದಾರ್ತಿಯಲ್ಲಿ ಇಂದು ಐದು ಮೇಳಗಳಿದ್ದರೂ ಹರಕೆ ಆಟಕ್ಕೆ ವರ್ಷಗಟ್ಟಲೆ ಕಾಯಬೇಕಾದ ಸ್ಥಿತಿ ಇದೆ ಎಂಬುದನ್ನು ನೋಡಿದರೆ, ಹೆಸರಿನ ಹಂಗಿಲ್ಲದ ಈ ಮಾರ್ಗ ಇನ್ನೂ ಬತ್ತಿಲ್ಲವೆಂಬುದು ತಿಳಿಯುತ್ತದೆ.

ಇಪ್ಪತ್ತನೆಯ ಶತಮಾನದ ನಡುವಿನ ದಶಕಗಳಲ್ಲಿ ಡೇರೆ ಬಂತು. ದೇವಸ್ಥಾನಕ್ಕೆ ಕಾಣಿಕೆ ಒಪ್ಪಿಸಿ ಅದರ ಹೆಸರಿನಲ್ಲಿ ಮೇಳ ಕಟ್ಟಿದ ಯಜಮಾನನು ಬಯಲಿಗೆ ಬಟ್ಟೆಯ ಗೋಡೆ ಹಾಕಿ, ಒಳಗೆ ಆರಾಮಕುರ್ಚಿ, ಕುರ್ಚಿ, ನೆಲ ಎಂದು ದರ್ಜೆ ಮಾಡಿ, ಟಿಕೆಟು ಇಟ್ಟ. ಈ ಒಂದು ಬದಲಾವಣೆಯಿಂದ ಕಲಾವಿದನ ಬೆಲೆ ಮೊದಲ ಬಾರಿಗೆ ಪ್ರತಿ ರಾತ್ರಿಯ ಗಲ್ಲಾಪೆಟ್ಟಿಗೆಯಲ್ಲಿ ಎಣಿಸಬಹುದಾದ ಸಂಗತಿಯಾಯಿತು. ಕರಪತ್ರದಲ್ಲಿ ದೇವರ ಹೆಸರು ಮೇಲೆ ಇದ್ದರೂ ಅದರ ಕೆಳಗೆ ದಪ್ಪಕ್ಷರದಲ್ಲಿ ಅಚ್ಚಾದ ಭಾಗವತ, ವೇಷಧಾರಿಗಳ ಹೆಸರುಗಳೇ ಡೇರೆ ತುಂಬುವುದನ್ನು ತೀರ್ಮಾನಿಸತೊಡಗಿದವು. ಧ್ವನಿವರ್ಧಕ ಕಟ್ಟಿಕೊಂಡ ಜೀಪು ಹಗಲಿಡೀ ಊರೂರು ಸುತ್ತಿ ಆ ಹೆಸರುಗಳನ್ನೇ ಕೂಗಿತು. ಹೆಸರಿದ್ದ ಕಡೆ ಜನ, ಜನವಿದ್ದ ಕಡೆ ಹಣ, ಹಣವಿದ್ದ ಕಡೆ ಮತ್ತೆ ಹೆಸರು ಎಂಬ ಸುತ್ತು ಹೀಗೆ ಆರಂಭವಾಯಿತು.

ಆ ಸುತ್ತಿಗೆ ಇಂಧನ ಒದಗಿಸಿದ ಮೂಲಗಳಲ್ಲಿ ಮಲೆನಾಡಿನ ಅಡಿಕೆಗೆ ದೊಡ್ಡ ಪಾಲಿದೆ ಎಂಬುದು ಈ ಪ್ರಬಂಧದ ಮುಖ್ಯ ವಾದ. ಅಡಿಕೆ ಕೊಯ್ಲು ಚಳಿಗಾಲದಲ್ಲಿ ನಡೆದು, ಸುಲಿದು, ಬೇಯಿಸಿ, ಒಣಗಿಸಿ, ಆರಿಸಿ ಮಂಡಿಗೆ ಸಾಗಿಸುವ ಕೆಲಸ ಬೇಸಗೆಯವರೆಗೆ ಸಾಗುತ್ತದೆ. ತೋಟದ ಒಡೆಯನ ಕೈಗೂ ಕೊನೆಗಾರ, ಸುಲಿಗೆಯವರ ಕೈಗೂ ರೊಕ್ಕ ಬರುವ ತಿಂಗಳುಗಳು ಮತ್ತು ಮೇಳಗಳ ತಿರುಗಾಟದ ತಿಂಗಳುಗಳು ಒಂದೇ. 1939ರಲ್ಲಿ ಶಿವಮೊಗ್ಗದಲ್ಲಿ ಮಲೆನಾಡು ಅಡಿಕೆ ಮಾರಾಟ ಸಹಕಾರ ಸಂಘ, ಅಂದರೆ ಮ್ಯಾಮ್‌ಕೋಸ್, ಸ್ಥಾಪನೆಯಾದ ಮೇಲೆ ದಲ್ಲಾಳಿಯ ಹಂಗು ಸ್ವಲ್ಪಮಟ್ಟಿಗೆ ಕಡಿಮೆಯಾಗಿ ಬೆಳೆಗಾರನಿಗೆ ನಗದು ವ್ಯವಹಾರ ಹೆಚ್ಚು ಪರಿಚಿತವಾಯಿತು. ಕರಾವಳಿಯ ಭತ್ತದ ಊರಿನಲ್ಲಿ ನೆಲದ ಟಿಕೆಟಿಗೂ ಲೆಕ್ಕ ಹಾಕುತ್ತಿದ್ದ ಕಾಲದಲ್ಲಿ, ಧಾರಣೆ ಚೆನ್ನಾಗಿದ್ದ ವರ್ಷ ಮಲೆನಾಡಿನ ಡೇರೆಯಲ್ಲಿ ಮುಂದಿನ ಸಾಲಿನ ಕುರ್ಚಿಗಳೇ ಮೊದಲು ತುಂಬಬಲ್ಲವಾಗಿದ್ದವು. ಕರಾವಳಿಯ ಯಜಮಾನರು ಲಾರಿಯಲ್ಲಿ ಡೇರೆ ಹೇರಿಕೊಂಡು ಘಾಟಿ ಹತ್ತಿದ್ದಕ್ಕೆ ಕಲಾಪ್ರೀತಿಯೊಂದಿಗೆ ಈ ಲೆಕ್ಕಾಚಾರವೂ ಕಾರಣ.

ಇದೇ ಅವಧಿಯಲ್ಲಿ ಸೀಮೆಯ ಭೂಪಟವೇ ಬದಲಾಯಿತು. ಶರಾವತಿಗೆ 1948ರಲ್ಲಿ ಕಟ್ಟಿದ ಹಿರೇಭಾಸ್ಕರ ಅಣೆಕಟ್ಟನ್ನೂ ಮುಳುಗಿಸಿಕೊಂಡು 1964ರಲ್ಲಿ ಲಿಂಗನಮಕ್ಕಿ ಜಲಾಶಯ ಹರಡಿದಾಗ ಸಾಗರ, ಹೊಸನಗರ ತಾಲ್ಲೂಕುಗಳ ಅನೇಕ ಹಳ್ಳಿಗಳು, ತೋಟಗದ್ದೆಗಳು ನೀರಿನಡಿ ಹೋದವು, ಆ ಹಳ್ಳಿಗಳ ಜನ ಶಿವಮೊಗ್ಗ ಜಿಲ್ಲೆಯ ಬೇರೆ ಬೇರೆ ಕಡೆ ಚದುರಿದರು. ಹರಕೆ ಆಟ ಒಂದು ಅಂಗಳಕ್ಕೆ, ಒಂದು ವಂಶಕ್ಕೆ ಅಂಟಿದ ಆಚರಣೆ. ಅಂಗಳ ಮುಳುಗಿದಾಗ ಹರಕೆಯ ಸರಣಿಯೂ ಕಡಿಯಿತು. ಕರೂರು, ಬಾರಂಗಿ ಹೋಬಳಿಗಳು ಹಿನ್ನೀರಿನಾಚೆ ಉಳಿದು, ಸಾಗರದಿಂದ ಅಲ್ಲಿಗೆ ಹೋಗುವವರು ಹೊಳೆಬಾಗಿಲಿನಲ್ಲಿ ಲಾಂಚು ಹತ್ತಬೇಕಾಯಿತು, ಇಲ್ಲವೇ ಬಹಳ ಸುತ್ತಬೇಕಾಯಿತು. ರಂಗಸ್ಥಳ, ಬೆಳಕು, ಕುರ್ಚಿ, ವೇಷದ ಪೆಟ್ಟಿಗೆ ಎಲ್ಲವನ್ನೂ ಹೊತ್ತು ತಿರುಗುವ ಡೇರೆ ಮೇಳಕ್ಕೆ ಅಂಥ ಊರು ಲಾಭದ ಊರಲ್ಲ. ಇನ್ನೊಂದೆಡೆ ಕಾರ್ಗಲ್, ಜೋಗಗಳಲ್ಲಿ ವಿದ್ಯುತ್ ಯೋಜನೆಯ ವಸತಿಗಳು ಬೆಳೆದು ತಿಂಗಳ ಸಂಬಳದ ಜನ ಸೇರಿದ್ದರಿಂದ ಟಿಕೆಟಿನ ಆಟಕ್ಕೆ ಬೇಕಾದ ನೆಲ ಹದವಾಯಿತು. 1951ರ ಕಾಗೋಡು ಸತ್ಯಾಗ್ರಹದಿಂದ ಎದ್ದ ಗೇಣಿದಾರರ ಹಕ್ಕಿನ ಪ್ರಶ್ನೆ 1974ರಲ್ಲಿ ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿ ಕಾಯ್ದೆಯಲ್ಲಿ ಒಂದು ಘಟ್ಟ ಮುಟ್ಟಿದಾಗ, ಗೇಣಿಯ ಆದಾಯದಿಂದ ಇಡೀ ಊರಿಗೆ ಆಟ ಆಡಿಸಬಲ್ಲ ದೊಡ್ಡ ಮನೆಗಳ ಶಕ್ತಿ ಕುಂದಿತು. ಅಲ್ಲಿಯವರೆಗೆ ಆ ಮನೆಗಳ ಅಂಗಳದ ಅಂಚಿನಲ್ಲಿ ನಿಂತು ನೋಡುತ್ತಿದ್ದ ಕುಟುಂಬಗಳು ಸ್ವಂತ ದುಡ್ಡಿನಲ್ಲಿ ಟಿಕೆಟು ಕೊಂಡು ಡೇರೆಯೊಳಗೆ ಕುಳಿತವು. ಕಲೆಯ ಪೋಷಕ ಯಾರು ಎಂಬ ಪ್ರಶ್ನೆಗೆ ಇಷ್ಟು ಬೇಗ ಉತ್ತರ ಬದಲಾದ ಸೀಮೆ ಅಪರೂಪ, ಮತ್ತು ಆ ಬದಲಾವಣೆಯಲ್ಲಿ ನ್ಯಾಯದ ಅಂಶ ಇತ್ತೆಂಬುದನ್ನು ಹಳೆಯ ಬಯಲಾಟದ ವೈಭವವನ್ನು ನೆನೆಯುವವರು ಮರೆಯಬಾರದು.

ಡೇರೆ ಮೇಳಗಳ ಪೈಪೋಟಿಯಲ್ಲಿ ಕಲಾವಿದನನ್ನು ಸೆಳೆಯುವ ಸಾಧನ ಮುಂಗಡ. ಮೇಳ ಗೆಜ್ಜೆ ಬಿಚ್ಚಿದ ಕೂಡಲೇ ಕಲಾವಿದನ ಸಂಬಳ ನಿಲ್ಲುತ್ತದೆ. ಮಳೆಗಾಲ, ಮಕ್ಕಳ ಶಾಲೆ, ಮನೆಯ ಸೋಗೆ ಅಥವಾ ಹಂಚು, ಮದುವೆ, ಆಸ್ಪತ್ರೆ ಎಲ್ಲಕ್ಕೂ ಆಗಲೇ ಹಣ ಬೇಕು. ಮುಂದಿನ ತಿರುಗಾಟದ ಸಂಬಳದಲ್ಲಿ ಮುರಿದುಕೊಳ್ಳುವ ಕರಾರಿನ ಮೇಲೆ ಯಜಮಾನನು ಆ ಹಣ ಕೊಡುತ್ತಾನೆ, ಕೊಟ್ಟ ಹಣ ತೀರುವವರೆಗೆ ಕಲಾವಿದ ಆ ಮೇಳದವನು. ಬೇರೊಂದು ಮೇಳಕ್ಕೆ ಅವನು ಬೇಕಾದರೆ ಹೊಸ ಯಜಮಾನನು ಹಳೆಯ ಬಾಕಿಯನ್ನು ತೀರಿಸಿ, ಅದರ ಮೇಲೆ ಇನ್ನಷ್ಟು ಮುಂಗಡ ಕೊಡಬೇಕು. ಕಾಲ್ಚೆಂಡಿನ ಕ್ಲಬ್ಬುಗಳು ಆಟಗಾರನ ಒಪ್ಪಂದಕ್ಕಾಗಿ ಪರಸ್ಪರ ಹಣ ಕೊಡುವ ಪದ್ಧತಿಗೂ ಇದಕ್ಕೂ ಹೊರನೋಟಕ್ಕೆ ಹೋಲಿಕೆಯಿದ್ದರೂ ಒಂದು ಆಳವಾದ ವ್ಯತ್ಯಾಸವಿದೆ: ಇಲ್ಲಿ ಕೈಬದಲಾದದ್ದು ಕಲಾವಿದನ ಸಾಲ. ಹೆಸರಾಂತ ಕೆಲವರು ಈ ಸ್ಪರ್ಧೆಯಿಂದ ಸಂಬಳ ಏರಿಸಿಕೊಂಡರೆಂಬುದು ನಿಜ. ಒಡ್ಡೋಲಗಕ್ಕೆ ನಿಲ್ಲುವ, ಬೆಳಗಿನ ಜಾವದವರೆಗೆ ಸಣ್ಣ ವೇಷ ಮಾಡುವ, ಚೌಕಿಯಲ್ಲಿ ಕಿರೀಟ ಕಟ್ಟುವ ಬಹುಸಂಖ್ಯಾತರಿಗೆ ಮುಂಗಡವು ಒಂದು ವರ್ಷದಿಂದ ಇನ್ನೊಂದು ವರ್ಷಕ್ಕೆ ಎಳೆದೊಯ್ಯುವ ಹಗ್ಗವಾಗಿಯೇ ಉಳಿಯಿತು. ಡೇರೆ ಯುಗದ ಯಾವ ಹೊಗಳಿಕೆಯೂ ಈ ಸಂಗತಿಯನ್ನು ಬದಿಗಿಟ್ಟು ಪೂರ್ಣವಾಗಲಾರದು.

ಮೇಳಗಳ ಬಲಾಬಲ ಬಹಿರಂಗವಾಗಿ ತೂಗಿದ್ದು ಜೋಡಾಟದಲ್ಲಿ. ಅಕ್ಕಪಕ್ಕದ ಎರಡು ರಂಗಸ್ಥಳಗಳಲ್ಲಿ ಎರಡು ಮೇಳಗಳು ಒಂದೇ ಪ್ರಸಂಗವನ್ನು ಏಕಕಾಲಕ್ಕೆ ಆಡುವ ಈ ಕ್ರಮದಲ್ಲಿ, ತನ್ನ ಎದುರಿನ ಜನ ಪಕ್ಕದ ರಂಗಸ್ಥಳದತ್ತ ಸರಿಯುವುದನ್ನು ವೇಷಧಾರಿ ಕಣ್ಣಾರೆ ಕಾಣುತ್ತಾನೆ. ಎರಡೂ ತಂಡದವರು ಒಂದೇ ರಂಗಸ್ಥಳದಲ್ಲಿ ಕೂಡಿ ಆಡುವ ಕೂಡಾಟದಲ್ಲಿ ಸೌಹಾರ್ದ ಹೆಚ್ಚು. ಜೋಡಾಟದಲ್ಲಿ ಮಾತ್ರ ಸೋಲುಗೆಲುವಿನ ಕಾವು. ಇಂಥ ರಾತ್ರಿಗಳಲ್ಲಿ ಬಯಲಾಗುತ್ತಿದ್ದ ಸತ್ಯವೆಂದರೆ, ಹಣ ಕೊಟ್ಟು ತಂದ ಒಬ್ಬ ಪ್ರಸಿದ್ಧ ವೇಷಧಾರಿ ಒಂದು ಗಂಟೆ ಜನರನ್ನು ಹಿಡಿದಿಡಬಲ್ಲ, ರಾತ್ರಿಯಿಡೀ ಹಿಡಿದಿಡಲು ಭಾಗವತ, ಮದ್ದಳೆಗಾರ, ಎದುರುವೇಷ, ಸ್ತ್ರೀವೇಷ, ಹಾಸ್ಯಗಾರ ಎಲ್ಲರ ಹೊಂದಾಣಿಕೆ ಬೇಕು. ಪದ್ಯದ ಕೊನೆಯಲ್ಲಿ ಭಾಗವತನು ಎಷ್ಟು ಆವರ್ತ ಬಿಟ್ಟು ಮುಂದಿನ ಪದ್ಯ ಎತ್ತುತ್ತಾನೆ, ವೇಷಧಾರಿ ಅರ್ಥವನ್ನು, ಅಂದರೆ ಪದ್ಯವನ್ನು ಅನುಸರಿಸಿ ಆಡುವ ಮಾತನ್ನು, ಎಲ್ಲಿ ನಿಲ್ಲಿಸುತ್ತಾನೆ ಎಂಬ ತಿಳಿವಳಿಕೆ ಹಲವು ತಿರುಗಾಟಗಳ ಸಹವಾಸದಿಂದ ಬರುವಂಥದ್ದು, ಮುಂಗಡ ಕೊಟ್ಟು ಕೊಳ್ಳುವಂಥದ್ದಲ್ಲ.

ಒಬ್ಬನ ಹೆಸರಿನ ಶಕ್ತಿ ಮತ್ತು ತಂಡದ ಹೊಂದಾಣಿಕೆಯ ಬೆಲೆ ಎರಡನ್ನೂ ಬಡಗಿನ ಡೇರೆ ಮೇಳಗಳ ಚರಿತ್ರೆ ತೋರಿಸುತ್ತದೆ. ಹೊನ್ನಾವರ ಸೀಮೆಯ ಚಿಟ್ಟಾಣಿ ರಾಮಚಂದ್ರ ಹೆಗಡೆಯವರು (1933–2017) ಕುಂದಾಪುರ ಸೀಮೆಯ ಕೋಟ ಅಮೃತೇಶ್ವರಿ ಮೇಳಕ್ಕೆ ಬಂದಾಗ ಬಡಾಬಡಗಿನ ಭಾವಾಭಿನಯ ಬಡಗಿನ ರಂಗಸ್ಥಳಕ್ಕೆ ಇಳಿಯಿತು, ಅವರ ಭಸ್ಮಾಸುರ, ಕೀಚಕ, ದುಷ್ಟಬುದ್ಧಿಗಳು ಎರಡು ತಿಟ್ಟುಗಳ ನಡುವಿನ ಗೆರೆಯನ್ನು ಮಸುಕಾಗಿಸಿದವು. ಎರಡೂ ತಿಟ್ಟನ್ನು ಬಲ್ಲ ಸಾಗರದಂಥ ಊರುಗಳ ಪ್ರೇಕ್ಷಕರು ಈ ಬೆರಕೆಯನ್ನು ಸವಿಯಲು ಸಿದ್ಧರಾಗಿಯೇ ಇದ್ದರು. ಒಬ್ಬ ಕಲಾವಿದನ ಮೇಳ ಬದಲು ಒಂದು ಕಲೆಯ ಶೈಲಿಯನ್ನೇ ತಿರುಗಿಸಬಲ್ಲದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ನಿದರ್ಶನ ಸಿಗುವುದು ಕಷ್ಟ. 2012ರಲ್ಲಿ ಅವರಿಗೆ ಪದ್ಮಶ್ರೀ ಸಂದಿತು.

ಕೋಟದ ಅದೇ ಪರಿಸರದಲ್ಲಿ ಭಾಗವತ ನಾರಣಪ್ಪ ಉಪ್ಪೂರರ ಶಿಷ್ಯನಾಗಿ ಪಳಗಿದ ಗುಂಡ್ಮಿ ಕಾಳಿಂಗ ನಾವಡರು ಸಾಲಿಗ್ರಾಮ ಮೇಳದ ಪ್ರಧಾನ ಭಾಗವತರಾದ ಬಳಿಕ ಡೇರೆಯ ಗಣಿತವೇ ಬದಲಾಯಿತು. ಅಲ್ಲಿಯವರೆಗೆ ಹೆಚ್ಚಾಗಿ ವೇಷಧಾರಿಯ ಹೆಸರಿಗೆ ಬರುತ್ತಿದ್ದ ಜನ ಹಾಡುಗಾರನ ಹೆಸರಿಗೆ ಬರತೊಡಗಿದರು. ಅವರೇ ರಚಿಸಿದ ‘ನಾಗಶ್ರೀ’ಯಂಥ ಹೊಸ ಪ್ರಸಂಗ ಪುರಾಣದ ಹಂಗಿಲ್ಲದೆ ಡೇರೆ ತುಂಬಿಸಿತು. ಪೌರಾಣಿಕ ಪ್ರಸಂಗ ಎಲ್ಲ ಮೇಳಗಳ ಸಮಾನ ಆಸ್ತಿ, ಹೊಸ ಪ್ರಸಂಗವಾದರೋ ಒಂದು ಮೇಳದ ಸ್ವಂತ ಸರಕು. ಕಲಾವಿದರನ್ನು ಕಳೆದುಕೊಳ್ಳುವ ಭಯವಿದ್ದ ಯಜಮಾನರಿಗೆ ಪ್ರತಿ ವರ್ಷ ಹೊಸ ಪ್ರಸಂಗ ರಂಗಕ್ಕೆ ತರುವುದು ಒಂದು ರಕ್ಷಣೆಯೂ ಆಯಿತು. 1990ರ ಮೇ 27ರಂದು ರಸ್ತೆ ಅಪಘಾತದಲ್ಲಿ ನಾವಡರು ತೀರಿಕೊಂಡಾಗ ಅವರಿಗೆ ಇನ್ನೂ 32 ತುಂಬಿರಲಿಲ್ಲ. ಆ ಬಳಿಕ ಪೆರ್ಡೂರು ಮೇಳವು ಸುಬ್ರಹ್ಮಣ್ಯ ಧಾರೇಶ್ವರರನ್ನು ಎರಡು ದಶಕಗಳಿಗೂ ಮೀರಿ ತನ್ನ ಭಾಗವತರಾಗಿ ಉಳಿಸಿಕೊಂಡು ಸಾಲಿಗ್ರಾಮಕ್ಕೆ ಸಮನಾಗಿ ನಿಂತದ್ದು ಗಮನಾರ್ಹ. ವೇಷಧಾರಿಗಳು ಬಂದು ಹೋಗುತ್ತಿದ್ದರೂ ಹಿಮ್ಮೇಳದ ತಲೆ ಕದಲದ ಮೇಳ ಬಾಳುತ್ತದೆ ಎಂಬ ಪಾಠ ಅಲ್ಲಿದೆ. ದೀರ್ಘ ಸಹವಾಸವನ್ನೇ ನಂಬಿದ ಮಾದರಿಯೂ ಒಂದಿತ್ತು. ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಕಟ್ಟಿದ ಇಡಗುಂಜಿ ಮೇಳದಲ್ಲಿ ನೆಬ್ಬೂರು ನಾರಾಯಣ ಭಾಗವತರು ದಶಕಗಟ್ಟಲೆ ಹಾಡಿದರು, ಅವರ ಕಂಠ ಮತ್ತು ಕೆರೆಮನೆಯ ರಂಗಶಿಸ್ತು ಒಂದನ್ನೊಂದು ಬೆಳೆಸಿದವು.

ಹಣ ಮತ್ತು ತಂಡ ಬದಲಿನ ಈ ಕಥೆ ಯಕ್ಷಗಾನದ್ದೊಂದೇ ಅಲ್ಲ. ಬೆಂಗಳೂರಿನ ಕಾಲ್ಚೆಂಡಾಟಗಾರ ಅಹ್ಮದ್ ಖಾನ್ ಮೈಸೂರು ಸಂಸ್ಥಾನದ ಮೈದಾನಗಳಲ್ಲಿ ಬೆಳೆದು, 1948ರ ಒಲಿಂಪಿಕ್ಸ್‌ನಲ್ಲಿ ಆಡಿ, ಬಳಿಕ ಕಲ್ಕತ್ತೆಯ ಈಸ್ಟ್ ಬೆಂಗಾಲ್ ತಂಡದ ಮುನ್ನಡೆ ಸಾಲಿನ ಐವರಲ್ಲಿ ಒಬ್ಬರಾಗಿ ಪ್ರಸಿದ್ಧರಾದರು. 1937, 1938 ಮತ್ತು 1948ರಲ್ಲಿ ರೋವರ್ಸ್ ಕಪ್ ಗೆದ್ದಿದ್ದ ಬೆಂಗಳೂರು ಮುಸ್ಲಿಮ್ಸ್‌ನಂಥ ತಂಡಕ್ಕೂ ಇಂಥ ಆಟಗಾರರನ್ನು ಊರಲ್ಲೇ ಉಳಿಸಿಕೊಳ್ಳಲು ಕಲ್ಕತ್ತೆಯ ಕ್ಲಬ್ಬುಗಳಷ್ಟು ಜನ, ಹಣದ ಬೆಂಬಲ ಇರಲಿಲ್ಲ. ಕಾಲ್ಚೆಂಡಿಗಿಂತ ಬೇರೆಯೇ ಆಟವಾದ ಅಮೆರಿಕದ ಕಾಲೇಜು ಫುಟ್‌ಬಾಲ್‌ನಲ್ಲಿ ದೀರ್ಘಕಾಲ ವಿದ್ಯಾರ್ಥಿ ಆಟಗಾರನಿಗೆ ಶಿಷ್ಯವೇತನದ ಹೊರತು ಗಳಿಕೆಯ ಹಕ್ಕಿರಲಿಲ್ಲ, ಕಾಲೇಜು ಬದಲಿಸಿದರೆ ಸಾಮಾನ್ಯವಾಗಿ ಒಂದು ವರ್ಷ ಆಡದೆ ಕೂರಬೇಕಿತ್ತು. 2021ರಲ್ಲಿ ತನ್ನ ಹೆಸರು, ಚಿತ್ರಗಳ ಬಳಕೆಯಿಂದ ಹಣ ಪಡೆಯುವ ಅವಕಾಶವೂ, ಕೂರುವ ಶಿಕ್ಷೆಯಿಲ್ಲದೆ ಒಮ್ಮೆ ಕಾಲೇಜು ಬದಲಿಸುವ ಅವಕಾಶವೂ ಒಟ್ಟಿಗೆ ದೊರೆತ ಮೇಲೆ ಅಲ್ಲಿನ ತಂಡಗಳು ವರ್ಷವರ್ಷವೂ ಹೊಸದಾಗಿ ಕಟ್ಟಲ್ಪಡುತ್ತಿವೆ. ಅಲ್ಲಿ ಕಾಲೇಜಿನ ಹೆಸರು ಮಾಡುವ ಕೆಲಸವನ್ನು ಇಲ್ಲಿ ದೇವರ ಹೆಸರು ಮಾಡಿತು: ಆಡುವವರು ಬದಲಾದರೂ ಅಭಿಮಾನ ಹೆಸರಿಗೆ ಅಂಟಿಕೊಂಡಿತು. ದುಡಿಯುವವನಿಗೆ ಬೇಕಾದಲ್ಲಿ ಹೋಗುವ ಹಕ್ಕು ಇರಬೇಕೆಂಬುದು ನ್ಯಾಯ. ಆ ಹಕ್ಕಿನಿಂದ ಶ್ರೀಮಂತ ತಂಡ ಇನ್ನಷ್ಟು ಬಲಿಯುತ್ತದೆಂಬುದು ಎರಡೂ ಕಡೆಯ ಅನುಭವ.

ಈ ಅನುಭವದಲ್ಲಿ ಸೋತದ್ದು ಘಟ್ಟದ ಮೇಲಿನ ಸ್ವಂತ ಮೇಳಗಳು. ತೀರ್ಥಹಳ್ಳಿ ಕಡೆಯ ರಂಜದಕಟ್ಟೆ, ಹೊಸನಗರ ಕಡೆಯ ನಾಗರಕೊಡಿಗೆ ಮೊದಲಾದ ಮೇಳಗಳ ಹೆಸರು ಹಿರಿಯ ಕಲಾವಿದರ ಜೀವನ ಚಿತ್ರಗಳಲ್ಲಿ ಪದೇ ಪದೇ ಬರುತ್ತದೆ, ಬಹುತೇಕ ಯಾವಾಗಲೂ ಆರಂಭದ ಪುಟಗಳಲ್ಲಿ. ಹುಡುಗನಾಗಿ ಅಲ್ಲಿ ಗೆಜ್ಜೆ ಕಟ್ಟಿದವನು ಹೆಸರು ಬಂದೊಡನೆ ಸಾಲಿಗ್ರಾಮಕ್ಕೋ ಪೆರ್ಡೂರಿಗೋ ಹೋದ. ಕಲಿಸಿದ ಮೇಳಕ್ಕೆ ಅದರಿಂದ ಸಿಕ್ಕಿದ್ದು, ಬಾಕಿಯಿದ್ದರೆ, ಕೊಟ್ಟ ಮುಂಗಡ ಮಾತ್ರ. ತೀರ್ಥಹಳ್ಳಿ ಗೋಪಾಲ ಆಚಾರಿಯವರು ಊರಿನ ಹೆಸರನ್ನು ತಮ್ಮ ಹೆಸರಿನೊಂದಿಗೆ ಹೊತ್ತುಕೊಂಡೇ ಕರಾವಳಿಯ ಡೇರೆ ಮೇಳಗಳಲ್ಲಿ ಪ್ರಸಿದ್ಧರಾದರು. ಹಣವನ್ನೂ ಕಲಾವಿದರನ್ನೂ ಕೊಟ್ಟ ಮಲೆನಾಡು ಯಜಮಾನಿಕೆಯನ್ನು ಮಾತ್ರ ಉಳಿಸಿಕೊಳ್ಳಲಿಲ್ಲ. ಇದಕ್ಕೆ ಕಾರಣ ಬಂಡವಾಳದ ಕೊರತೆಯೊಂದೇ ಎನ್ನಲಾಗದು. ಚದುರಿದ ಒಂಟಿ ಮನೆಗಳ ಸೀಮೆಯಲ್ಲಿ ಪ್ರತಿ ರಾತ್ರಿ ಹೊಸ ಊರು, ಹೊಸ ಜನ ಸಿಗುವುದು ಕಷ್ಟ, ಕರಾವಳಿಯ ಒತ್ತೊತ್ತಾದ ಪೇಟೆಗಳ ಆಸರೆಯಿಲ್ಲದೆ ಆರು ತಿಂಗಳ ಕ್ಯಾಂಪುಗಳ ಪಟ್ಟಿ ತುಂಬದು.

ಹೊಸನಗರದ ಹೆಸರು ಯಕ್ಷಗಾನದ ಭೂಪಟದಲ್ಲಿ ದೊಡ್ಡದಾಗಿ ಕಾಣಿಸಿಕೊಂಡದ್ದು ಇಪ್ಪತ್ತೊಂದನೆಯ ಶತಮಾನದ ಆರಂಭದ ವರ್ಷಗಳಲ್ಲಿ, ಅದೂ ಅನಿರೀಕ್ಷಿತ ರೀತಿಯಲ್ಲಿ. ಹೊಸನಗರ ತಾಲ್ಲೂಕಿನ ರಾಮಚಂದ್ರಾಪುರ ಮಠದ ಆಶ್ರಯದಲ್ಲಿ ನಡೆದ ಹೊಸನಗರ ಮೇಳ ಬಡಗಿನದ್ದಲ್ಲ, ಮಂಗಳೂರು, ಕಾಸರಗೋಡು ಸೀಮೆಯ ತೆಂಕುತಿಟ್ಟಿನದ್ದು. ಹೆಸರು ಘಟ್ಟದ ಮೇಲಿನ ಊರಿನದಾದರೂ ಅದರ ಕಲಾವಿದರೂ ಪ್ರೇಕ್ಷಕರೂ ಹೆಚ್ಚಾಗಿ ಘಟ್ಟದ ಕೆಳಗಿನವರು. ಸುರತ್ಕಲ್, ಮಂಗಳಾದೇವಿ, ಎಡನೀರು ಮೇಳಗಳಲ್ಲಿ ಹಾಡಿ ಬಂದಿದ್ದ ಪದ್ಯಾಣ ಗಣಪತಿ ಭಟ್ಟರಂಥ ಭಾಗವತರು ಅಲ್ಲಿ ಸೇರಿದರು, ಬೇರೆ ಬೇರೆ ಮೇಳಗಳಲ್ಲಿ ಪಳಗಿದ ಅನುಭವಿಗಳ ಕೂಟವಾಗಿ ಆ ತಂಡ ಬಹುಬೇಗ ಮುಂಚೂಣಿಗೆ ಬಂತು. ಆ ಮೇಳ ನಿಂತ ಬಳಿಕ ಅದರ ಕಲಾವಿದರಲ್ಲಿ ಬಹುಪಾಲು ಜನ ಪುತ್ತೂರು ಸೀಮೆಯ ಹನುಮಗಿರಿ ಮೇಳದಲ್ಲಿ ಒಟ್ಟಾಗಿಯೇ ಮುಂದುವರಿದರು. ಪೋಷಕ ಬದಲಾದ, ಹೆಸರು ಬದಲಾದ, ತಂಡ ಮಾತ್ರ ಉಳಿದ ಈ ಪ್ರಸಂಗದಲ್ಲಿ ಡೇರೆ ಯುಗದ ಲೆಕ್ಕ ತಲೆಕೆಳಗಾಗಿದೆ: ಅಲ್ಲಿ ಮೇಳದ ಹೆಸರು ಸ್ಥಿರ, ಕಲಾವಿದ ಚರ, ಇಲ್ಲಿ ಕಲಾವಿದರ ಕೂಟ ಸ್ಥಿರ, ಹೆಸರು ಚರ.

ಈಚಿನ ವರ್ಷಗಳಲ್ಲಿ ಟಿಕೆಟಿನ ಡೇರೆ ಅಪರೂಪವಾಗಿ, ಸಂಘಸಂಸ್ಥೆಗಳು ಇಡೀ ಆಟವನ್ನು ಗುತ್ತಿಗೆಗೆ ಪಡೆಯುವ ಕ್ರಮ ಹೆಚ್ಚಿದೆ, ರಾತ್ರಿಯಿಡೀ ನಡೆಯುತ್ತಿದ್ದ ಆಟ ಅನೇಕ ಕಡೆ ಕಾಲಮಿತಿಯ ಆಟವಾಗಿದೆ. ಒಂದು ರಾತ್ರಿಯ ಮಟ್ಟಿಗೆ ಬಂದುಹೋಗುವ ಅತಿಥಿ ಕಲಾವಿದನ ಪದ್ಧತಿಯಿಂದ ಮೇಳ ಬದಲಿಸುವ ಪ್ರಮೇಯವೇ ಕೆಲವರಿಗೆ ಇಲ್ಲವಾಗಿದೆ. ಅವರು ಎಲ್ಲ ಮೇಳಗಳವರು. ಮಳೆಗಾಲದಲ್ಲೂ ಸಭಾಭವನಗಳಲ್ಲಿ, ಬೆಂಗಳೂರು, ಮುಂಬಯಿಗಳಲ್ಲಿ ಆಟಗಳಾಗುವುದರಿಂದ ಹೆಸರಿದ್ದವರಿಗೆ ಮುಂಗಡದ ಹಂಗು ಸಡಿಲವಾಗಿದೆ. ಹೆಸರಿಲ್ಲದವರ ನೆರವಿಗೆ 1975ರಲ್ಲಿ ಹುಟ್ಟಿದ ಉಡುಪಿಯ ಯಕ್ಷಗಾನ ಕಲಾರಂಗದಂಥ ಸಂಸ್ಥೆಗಳು ನಿಂತಿವೆ; ಕಲಾವಿದರ ಮಕ್ಕಳ ಓದಿಗೆ, ಮನೆಗೆ, ಚಿಕಿತ್ಸೆಗೆ ಅವು ಒದಗಿಸುತ್ತಿರುವ ಹಣ ಯಾವ ಮೇಳಕ್ಕೂ ಕಲಾವಿದನನ್ನು ಕಟ್ಟಿಹಾಕದ ಹಣ. ಲಿಂಗನಮಕ್ಕಿ ಹಿನ್ನೀರಿನಾಚೆಯ ಸಿಗಂದೂರು ಚೌಡೇಶ್ವರಿಯ ಹೆಸರಿನಲ್ಲೂ ಒಂದು ಮೇಳ ತಿರುಗಾಟ ನಡೆಸಿದೆ. ಅಂಬಾರಗೋಡ್ಲು ಮತ್ತು ಕಳಸವಳ್ಳಿಗಳ ನಡುವೆ ಹಿನ್ನೀರಿಗೆ ಕಟ್ಟಿದ ಸುಮಾರು 2.44 ಕಿಲೋಮೀಟರ್ ಉದ್ದದ ಸೇತುವೆ 2025ರ ಜುಲೈ 14ರಂದು ಸಂಚಾರಕ್ಕೆ ತೆರೆದ ಮೇಲೆ, ಆರು ದಶಕಗಳ ಕಾಲ ಲಾಂಚನ್ನು ನಂಬಿಕೊಂಡಿದ್ದ ತುಮರಿ ಕಡೆಯ ಹಳ್ಳಿಗಳಿಗೆ ಮೇಳದ ಲಾರಿ ಸಾಗರದಿಂದ ನೇರವಾಗಿ, ರಾತ್ರಿಯ ಯಾವ ಹೊತ್ತಿನಲ್ಲಾದರೂ, ಹೋಗಿಬರುವುದು ಸಾಧ್ಯವಾಗಿದೆ.